ಘಾನಾದ ಉಚಿತ ಪ್ರೌಢಶಿಕ್ಷಣ: ಫೀಸು ಹೋಯಿತು, ಸೀಟು ಎಲ್ಲಿ?

ಉಚಿತ ಪ್ರೌಢಶಿಕ್ಷಣದ ಬಗ್ಗೆ ಬರೆಯುವಾಗ ಒಂದು ದೇಶದ ಉದಾಹರಣೆ ಬೇಕಿದ್ದರೆ ಘಾನಾವನ್ನೇ ಹಿಡಿಯಿರಿ. ಫೀಸು ತೆಗೆದ ಮೇಲೆ ಏನೇನಾಗುತ್ತದೆ ಅನ್ನೋದು ಅಲ್ಲಿ ಚೆನ್ನಾಗಿ ಕಾಣುತ್ತದೆ.

ಅಲ್ಲಿ ಆರು ವರ್ಷ ಪ್ರೈಮರಿ, ಮೂರು ವರ್ಷ ಜೂನಿಯರ್ ಹೈ, ಆಮೇಲೆ ಮೂರು ವರ್ಷ ಸೀನಿಯರ್ ಹೈ. ಜೂನಿಯರ್ ಹೈ ಕೊನೆಗೆ ಬಿಇಸಿಇ ಪರೀಕ್ಷೆ. ಅದರ ಫಲಿತಾಂಶ ನೋಡಿ ಯಾರಿಗೆ ಯಾವ ಶಾಲೆ ಅಂತ ಕಂಪ್ಯೂಟರ್ ಹಂಚುತ್ತದೆ. ಸೀಟು ಸಿಕ್ಕರೂ ಫೀಸು ಕಟ್ಟಲಾಗದೆ ಎಷ್ಟೋ ಮಕ್ಕಳು ಅಲ್ಲಿಗೇ ಓದು ಬಿಡುತ್ತಿದ್ದರು. ಸೀನಿಯರ್ ಹೈ ಹಂತವನ್ನೂ ಕ್ರಮೇಣ ಉಚಿತ ಮಾಡಬೇಕೆಂದು 1992ರ ಸಂವಿಧಾನದ 25ನೇ ವಿಧಿಯಲ್ಲೇ ಇತ್ತು. ಪೂರ್ತಿ ಜಾರಿಯಾಗಿದ್ದು 2017ರ ಸೆಪ್ಟೆಂಬರ್‌ನಲ್ಲಿ, ಅಧ್ಯಕ್ಷ ನಾನಾ ಅಕುಫೊ-ಅಡೊ ಕಾಲದಲ್ಲಿ. ಸರ್ಕಾರಿ ಶಾಲೆಗೆ ಆ ವರ್ಷದಿಂದ ಸೇರಿದವರಿಗೆ ಬೋಧನೆ, ಪಠ್ಯಪುಸ್ತಕ, ಹಾಸ್ಟೆಲ್, ಊಟ ಎಲ್ಲ ಸರ್ಕಾರದ ಲೆಕ್ಕಕ್ಕೆ ಬಂತು. ಹಣದ ಒಂದು ಪಾಲು ತೈಲದ ಆದಾಯದಿಂದ.

ಮಕ್ಕಳು ಬಂದರು, ಕಟ್ಟಡಗಳು ಅಷ್ಟು ಬೇಗ ಏಳಲಿಲ್ಲ. 2018ರಲ್ಲಿ 'ಡಬಲ್ ಟ್ರ್ಯಾಕ್' ಬಂದಿದ್ದು ಇದಕ್ಕೇ. ಕಿಕ್ಕಿರಿದ ಶಾಲೆಗಳಲ್ಲಿ ಮಕ್ಕಳನ್ನು ಹಸಿರು, ಚಿನ್ನ ಅಂತ ಎರಡು ಗುಂಪು ಮಾಡಿದರು. ಒಂದು ಗುಂಪು ಶಾಲೆಯಲ್ಲಿದ್ದರೆ ಇನ್ನೊಂದಕ್ಕೆ ರಜೆ. ಇದನ್ನು ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ ಅಂದುಕೊಳ್ಳಬೇಡಿ. ಅಲ್ಲಿ ಹಾಸ್ಟೆಲ್ ಇರುವ ಶಾಲೆಗಳೇ ಜಾಸ್ತಿ. ಪಾಳಿ ಮಾಡಿದರೆ ಡೆಸ್ಕು ಖಾಲಿಯಾಗುತ್ತದೆ, ರಾತ್ರಿ ಮಲಗೋಕೆ ಮಂಚ ಖಾಲಿಯಾಗಲ್ಲ, ಅಲ್ವಾ? ಅದಕ್ಕೇ ಇಡೀ ಗುಂಪನ್ನೇ ಮನೆಗೆ ಕಳಿಸಬೇಕಾಯಿತು. ಹೊಸ ಕಟ್ಟಡವಿಲ್ಲದೆ ಹೆಚ್ಚು ಮಕ್ಕಳು ಸೇರಿದರು, ನಿಜ. ಆದರೆ ರಜೆ ಉದ್ದವಾಯಿತು. ಆ ರಜೆಯಲ್ಲಿ ಟ್ಯೂಷನ್‌ಗೆ ಕಳಿಸಿದ ಮನೆಗಳಿಗೆ ಖರ್ಚು ಇನ್ನೊಂದು ಬಾಗಿಲಿನಿಂದ ಒಳಗೆ ಬಂತು.

ಹಾಸ್ಟೆಲ್ ಸೇರುವ ಮಗುವಿನ ಸಾಮಾನು ನೋಡಿದರೂ ಇದು ಅರ್ಥವಾಗುತ್ತದೆ. ಟ್ರಂಕು, ಹಾಸಿಗೆ, ಬಕೆಟ್ಟು, ಜೊತೆಗೆ 'ಚಾಪ್ ಬಾಕ್ಸ್' ಅನ್ನೋ ಬೀಗ ಹಾಕುವ ಮರದ ಪೆಟ್ಟಿಗೆ. ಅದರೊಳಗೆ ಹುರಿದ ಮರಗೆಣಸಿನ ತರಿ 'ಗಾರಿ', 'ಶಿಟೊ' ಎಂಬ ಖಾರದ ಗೊಜ್ಜು, ಹಾಲಿನ ಪುಡಿ. ಇದೆಲ್ಲ ಮನೆಯವರೇ ಕೊಳ್ಳಬೇಕು.

ಇನ್ನು ಪುರಾವೆಯ ಮಾತು. ಅರ್ಥಶಾಸ್ತ್ರಜ್ಞರಾದ ಎಸ್ತರ್ ಡ್ಯುಫ್ಲೊ, ಪ್ಯಾಸ್ಕಲೀನ್ ಡ್ಯೂಪಾ, ಮೈಕೆಲ್ ಕ್ರೆಮರ್ ಘಾನಾದಲ್ಲೇ ಒಂದು ಪ್ರಯೋಗ ನಡೆಸಿದ್ದರು. ಸೀಟು ಸಿಕ್ಕೂ ಶಾಲೆ ಸೇರದಿದ್ದ 2,064 ಮಂದಿಯಲ್ಲಿ 682 ಮಂದಿಗೆ 2008ರಲ್ಲಿ ಲಾಟರಿ ಎತ್ತಿ ವಿದ್ಯಾರ್ಥಿವೇತನ ಕೊಟ್ಟರು. ಅವರಲ್ಲಿ ಓದು ಮುಗಿಸಿದವರ ಪ್ರಮಾಣ ಉಳಿದವರಿಗಿಂತ ತುಂಬಾ ಹೆಚ್ಚಿತ್ತು. ಹುಡುಗಿಯರು ತಡವಾಗಿ ತಾಯಂದಿರಾದರು. ಆದರೆ ಈ ಫಲಿತಾಂಶವನ್ನು ಸುಮ್ನೆ ಇಡೀ ಯೋಜನೆಗೆ ಅಂಟಿಸಬೇಡಿ. ಅಲ್ಲಿ ಹಣ ಸಿಕ್ಕಿದ್ದು ಪರೀಕ್ಷೆ ಪಾಸಾಗಿ ದುಡ್ಡಿಲ್ಲದೆ ನಿಂತವರಿಗೆ. 2017ರ ಯೋಜನೆ ಫೀಸು ಕಟ್ಟಬಲ್ಲವರಿಗೂ ಮನ್ನಾ ಮಾಡಿತು. ಜೂನಿಯರ್ ಹೈನಲ್ಲೇ ಬಿಟ್ಟವರಿಗೆ ಎರಡರಿಂದಲೂ ನೇರ ಲಾಭವಿಲ್ಲ.