ಎಟಿಎಂ ಹೆಚ್ಚಿದ್ದು ಹೇಗೆ? ಯಂತ್ರದ ಹಿಂದಿನ ತಂತ್ರಾಂಶದ ಟಿಪ್ಪಣಿ

ಬ್ಯಾಂಕಿಂಗ್ ಪರೀಕ್ಷೆಗೆ ಓದುವವರ ಕೈಗೆ ಮೊದಲು ಸಿಗುವುದು ಇಸವಿಗಳು. 1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಬಾರ್ಕ್ಲೇಸ್ ಬ್ಯಾಂಕಿನ ನಗದು ಯಂತ್ರ ಶುರುವಾಯಿತು. ಅದರ ಹಿಂದಿದ್ದ ಜಾನ್ ಶೆಫರ್ಡ್-ಬ್ಯಾರನ್ ಹುಟ್ಟಿದ್ದು ನಮ್ಮ ಶಿಲ್ಲಾಂಗಿನಲ್ಲಿ. ಭಾರತದ ಮೊದಲ ಎಟಿಎಂ 1987ರಲ್ಲಿ ಮುಂಬೈಯಲ್ಲಿ ಎಚ್‌ಎಸ್‌ಬಿಸಿ ಇಟ್ಟಿತು. ಒಂದು ಅಂಕದ ಪ್ರಶ್ನೆಗೆ ಇಷ್ಟು ಸಾಕು.

ಆದರೆ ಈ ಪಟ್ಟಿಯಲ್ಲಿ ಒಂದು ಕುತೂಹಲದ ಸಂಗತಿ ಅಡಗಿದೆ. 1987ರಲ್ಲಿ ಬಂದ ಯಂತ್ರ ಇಪ್ಪತ್ತು ವರ್ಷ ಕಳೆದ ಮೇಲೂ, ಅಂದರೆ 2007ರಲ್ಲಿ, ದೇಶದಲ್ಲಿ ಸುಮಾರು 27,000 ಮಾತ್ರ ಇತ್ತು. ಮುಂದಿನ ಏಳೇ ವರ್ಷಗಳಲ್ಲಿ 1.6 ಲಕ್ಷಕ್ಕೆ ಏರಿತು. ಈಗ ಸುಮಾರು 2.5 ಲಕ್ಷದ ಆಸುಪಾಸಿನಲ್ಲಿದೆ. ಯಂತ್ರ ಅದೇ, ನೋಟು ಅದೇ. ನಡುವೆ ಬದಲಾದದ್ದು ಬ್ಯಾಂಕು ಲೆಕ್ಕ ಇಡುವ ರೀತಿ. ಆ ಬದಲಾವಣೆ ಅರ್ಥವಾದರೆ ಈ ಅಧ್ಯಾಯದ ಉಳಿದದ್ದೆಲ್ಲ ಸಲೀಸು ಎಂಬುದು ನನ್ನ ಗಟ್ಟಿ ನಂಬಿಕೆ.

ಶಾಖೆಯ ಲೆಡ್ಜರಿನಿಂದ ಕೋರ್ ಬ್ಯಾಂಕಿಂಗ್‌ವರೆಗೆ

ಹಿಂದೆ ನಿಮ್ಮ ಖಾತೆ ಎಂದರೆ ನಿಮ್ಮ ಶಾಖೆಯ ಲೆಡ್ಜರಿನ ಒಂದು ಪುಟ. ಶಿವಮೊಗ್ಗದ ಶಾಖೆಯಲ್ಲಿ ಖಾತೆ ಇದ್ದವರಿಗೆ ದಾವಣಗೆರೆಯ ಶಾಖೆ ಹಣ ಕೊಡುವಂತಿರಲಿಲ್ಲ, ಏಕೆಂದರೆ ಬಾಕಿ ಎಷ್ಟಿದೆ ಎಂಬುದು ಅಲ್ಲಿಗೆ ಗೊತ್ತೇ ಇರಲಿಲ್ಲ. 1984ರಲ್ಲಿ ಸಿ. ರಂಗರಾಜನ್ ಸಮಿತಿ ಗಣಕೀಕರಣದ ವರದಿ ಕೊಟ್ಟಿತು. ನೌಕರರ ಸಂಘಗಳ ವಿರೋಧದ ನಡುವೆ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳು ಬಂದವು, ಆಮೇಲೆ ಇಡೀ ಶಾಖೆಯ ಗಣಕೀಕರಣವಾಯಿತು. ಆಗಲೂ ಪ್ರತಿ ಶಾಖೆಯ ಕಂಪ್ಯೂಟರು ಒಂದೊಂದು ದ್ವೀಪವೇ.

ಈ ದ್ವೀಪಗಳನ್ನು ಒಂದು ಮಾಡಿದ್ದು ಕೋರ್ ಬ್ಯಾಂಕಿಂಗ್ ತಂತ್ರಾಂಶ, ಅಂದರೆ ಸಿಬಿಎಸ್. ಎಲ್ಲ ಶಾಖೆಗಳ ಖಾತೆಗಳು ಒಂದೇ ಕೇಂದ್ರದ ದತ್ತಾಂಶದಲ್ಲಿ ಕುಳಿತವು, ಶಾಖೆ ಬರೀ ಕೌಂಟರ್ ಆಯಿತು. ಇಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಇನ್ಫೋಸಿಸ್‌ನ ಫಿನಾಕಲ್ ಇಲ್ಲಿಂದಲೇ ಹೊರಟು ಹಲವು ದೇಶಗಳ ಬ್ಯಾಂಕುಗಳನ್ನು ಸೇರಿತು. ಮಂಗಳೂರಿನ ಕರ್ಣಾಟಕ ಬ್ಯಾಂಕ್ ಅದನ್ನು ಬಳಸುವ ಬ್ಯಾಂಕುಗಳಲ್ಲೊಂದು. ಸ್ಟೇಟ್ ಬ್ಯಾಂಕ್ ಟಿಸಿಎಸ್‌ನ 'ಬ್ಯಾಂಕ್ಸ್' (BaNCS) ಎಂಬ ತಂತ್ರಾಂಶ ಬಳಸುತ್ತದೆ. ಫ್ಲೆಕ್ಸ್‌ಕ್ಯೂಬ್ ಎಂಬ ಇನ್ನೊಂದು ಸಿಬಿಎಸ್ ಈಗ ಒರಾಕಲ್ ಕಂಪನಿಯದು. ಯಾವ ಬ್ಯಾಂಕಿಗೆ ಯಾವ ತಂತ್ರಾಂಶ ಎಂದು ಉರುಹೊಡೆಯುವ ಅಗತ್ಯವಿಲ್ಲ. ಬ್ಯಾಂಕುಗಳ ವಿಲೀನದ ಸುದ್ದಿ ಓದುವಾಗ ಮಾತ್ರ ಇದು ನೆನಪಿರಲಿ: 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿದಾಗ ಬೋರ್ಡು ಬದಲಾಯಿಸುವುದು ಸುಲಭದ ಕೆಲಸ, ಕೋಟಿಗಟ್ಟಲೆ ಖಾತೆಗಳನ್ನು ಒಂದೇ ಸಿಬಿಎಸ್‌ಗೆ ತರುವುದು ಕಷ್ಟದ ಕೆಲಸ.

ಒಂದು ಡ್ರಾ, ಹೆಜ್ಜೆ ಹೆಜ್ಜೆಯಾಗಿ

ಇದನ್ನು ನಿಧಾನವಾಗಿ ಓದಿ. ನಿಮ್ಮದು 'ಅ' ಬ್ಯಾಂಕಿನ ಕಾರ್ಡು, ಯಂತ್ರ 'ಬ' ಬ್ಯಾಂಕಿನದು. 2,000 ರೂಪಾಯಿ ಬೇಕು.

ಪಿನ್ ಒತ್ತಿದ ಕೂಡಲೇ ಅದು ಕೀಪ್ಯಾಡಿನೊಳಗೇ ಗೂಢಲಿಪಿಯಾಗುತ್ತದೆ. ಯಂತ್ರದೊಳಗಿನ ಕಂಪ್ಯೂಟರಿಗೂ ನಿಜವಾದ ಅಂಕಿಗಳು ಕಾಣಿಸುವುದಿಲ್ಲ. ಕಾರ್ಡಿನ ವಿವರ, ಮೊತ್ತ, ಗೂಢಲಿಪಿಯ ಪಿನ್ ಸೇರಿ ಒಂದು ಸಂದೇಶವಾಗುತ್ತದೆ. ಈ ಸಂದೇಶಗಳಿಗೆ ಐಎಸ್‌ಒ 8583 ಎಂಬ ಜಾಗತಿಕ ನಮೂನೆ ಇದೆ, ಅದರಲ್ಲಿ ಹಣದ ಕೋರಿಕೆಯ ಸಂಖ್ಯೆ 0200. ಸಂದೇಶ 'ಬ' ಬ್ಯಾಂಕಿನ ಸ್ವಿಚ್‌ಗೆ, ಅಂದರೆ ಸಂದೇಶಗಳನ್ನು ಸೇರಬೇಕಾದ ಕಡೆಗೆ ಕಳಿಸುವ ಕಂಪ್ಯೂಟರ್ ವ್ಯವಸ್ಥೆಗೆ ಹೋಗುತ್ತದೆ. 'ಇದು ನಮ್ಮ ಕಾರ್ಡಲ್ಲ' ಎಂದು ಆ ಸ್ವಿಚ್ ಅದನ್ನು ನ್ಯಾಷನಲ್ ಫೈನಾನ್ಷಿಯಲ್ ಸ್ವಿಚ್, ಅಂದರೆ ಎನ್‌ಎಫ್‌ಎಸ್‌ಗೆ ದಾಟಿಸುತ್ತದೆ. ಅಲ್ಲಿಂದ ಅದು 'ಅ' ಬ್ಯಾಂಕಿನ ಸ್ವಿಚ್‌ಗೆ ಬರುತ್ತದೆ. ಪಿನ್ ಸರಿಯೇ ಎಂದು ಅಲ್ಲಿನ ಭದ್ರತಾ ಸಾಧನ ನೋಡುತ್ತದೆ, ಹಣ ಇದೆಯೇ ಎಂದು ಸಿಬಿಎಸ್ ನೋಡುತ್ತದೆ. ಉತ್ತರ 0210 ಸಂದೇಶವಾಗಿ ಬಂದ ದಾರಿಯಲ್ಲೇ ಮರಳುತ್ತದೆ. ಅದರಲ್ಲಿನ ಸಂಕೇತ 00 ಇದ್ದರೆ ಒಪ್ಪಿಗೆ, 51 ಎಂದರೆ ಖಾತೆಯಲ್ಲಿ ಹಣ ಸಾಲದು, 55 ಎಂದರೆ ಪಿನ್ ತಪ್ಪು, 91 ಎಂದರೆ ನಿಮ್ಮ ಬ್ಯಾಂಕಿನ ವ್ಯವಸ್ಥೆ ಸಿಗುತ್ತಿಲ್ಲ. ಇಷ್ಟೆಲ್ಲ ಕೆಲವೇ ಸೆಕೆಂಡುಗಳ ಕೆಲಸ.

ಈಗ ಮುಖ್ಯವಾದ ಮಾತು. ಖಾತೆಯಿಂದ ಹಣ ಕಡಿತವಾಗುವುದು ಮೊದಲು, ನೋಟು ಹೊರಬರುವುದು ಆಮೇಲೆ. ಕ್ರಮ ತಿರುಗುಮುರುಗಾದರೆ ಬ್ಯಾಂಕಿಗೆ ನಷ್ಟ. ಹಾಗಾಗಿ ಈ ಎರಡರ ನಡುವೆ ಕರೆಂಟ್ ಹೋದರೆ, ನೋಟು ಸಿಕ್ಕಿಕೊಂಡರೆ, ಎಸ್‌ಎಂಎಸ್ ಬರುತ್ತದೆ, ಹಣ ಬರುವುದಿಲ್ಲ. ಯಂತ್ರವೇ 'ಕೊಡಲಾಗಲಿಲ್ಲ' ಎಂಬ ರಿವರ್ಸಲ್ ಸಂದೇಶ ಕಳಿಸಿದರೆ ಹಣ ಬೇಗ ಖಾತೆಗೆ ವಾಪಸಾಗುತ್ತದೆ. ಆ ಸಂದೇಶವೂ ದಾರಿಯಲ್ಲಿ ಕಳೆದುಹೋದರೆ ಯಂತ್ರ ತಾನೇ ಬರೆದಿಡುವ ದಾಖಲೆಯಾದ ಎಲೆಕ್ಟ್ರಾನಿಕ್ ಜರ್ನಲ್, ನೋಟಿನ ಪೆಟ್ಟಿಗೆಯಾದ ಕ್ಯಾಸೆಟ್ಟಿನಲ್ಲಿ ಉಳಿದ ನೋಟಿನ ಎಣಿಕೆ, ಸ್ವಿಚ್‌ನ ದಾಖಲೆ ಮೂರನ್ನೂ ತಾಳೆ ನೋಡಬೇಕು.

ಇದಕ್ಕೆ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರಿನಲ್ಲಿ ಗಡುವು ಹಾಕಿತು. ವಹಿವಾಟಿನ ದಿನದ ನಂತರ ಐದು ದಿನದೊಳಗೆ ಹಣವನ್ನು ತಾನಾಗಿ ಖಾತೆಗೆ ಮರಳಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ಪರಿಹಾರಕ್ಕಾಗಿ ಗ್ರಾಹಕರು ಅರ್ಜಿ ಹಾಕುವವರೆಗೆ ಕಾಯುವಂತಿಲ್ಲ. ಪರೀಕ್ಷೆ ಒತ್ತಟ್ಟಿಗಿರಲಿ, ಇದನ್ನು ಮನೆಯ ಹಿರಿಯರಿಗೆಲ್ಲ ತಿಳಿಸಿ. ದೂರು ಕೊಡಬೇಕಾದದ್ದು ಕಾರ್ಡು ಕೊಟ್ಟ ಬ್ಯಾಂಕಿಗೆ. ಯಂತ್ರದ ಮೇಲೆ ಯಾರ ಹೆಸರಿದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಎಷ್ಟೋ ಜನ ಇದು ತಿಳಿಯದೆ ಎರಡು ಬ್ಯಾಂಕುಗಳ ನಡುವೆ ಅಲೆಯುತ್ತಾರೆ.

ಸ್ವಿಚ್ ಮತ್ತು ಶುಲ್ಕ

ಎಟಿಎಂಗಳನ್ನು ಹಂಚಿಕೊಳ್ಳುವ ಮೊದಲ ಯತ್ನ 1997ರ ಸ್ವಧನ್, ಭಾರತೀಯ ಬ್ಯಾಂಕುಗಳ ಸಂಘದ್ದು. ಅದು ಉಳಿಯಲಿಲ್ಲ. 2004ರಲ್ಲಿ ಹೈದರಾಬಾದಿನ ಬ್ಯಾಂಕಿಂಗ್ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಐಡಿಆರ್‌ಬಿಟಿ ಎನ್‌ಎಫ್‌ಎಸ್ ಆರಂಭಿಸಿತು. 2009ರ ಕೊನೆಗೆ ಅದು ಭಾರತೀಯ ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ ಕೈಗೆ ಬಂತು. ಅದೇ ವರ್ಷ ಏಪ್ರಿಲ್ 1ರಿಂದ ಬೇರೆ ಬ್ಯಾಂಕಿನ ಎಟಿಎಂ ಬಳಕೆಯೂ ಉಚಿತವಾಯಿತು, ಕೆಲವೇ ತಿಂಗಳಲ್ಲಿ ಅದಕ್ಕೆ ಮಿತಿ ಬಂತು. ಮೇಲೆ ಹೇಳಿದ ಏರಿಕೆಯ ಹೊತ್ತು ಇದೇ ಎಂಬುದನ್ನು ಗಮನಿಸಿ. ಸಿಬಿಎಸ್ ಇಲ್ಲದೆ ಸ್ವಿಚ್‌ಗೆ ಕೆಲಸವಿಲ್ಲ, ಸ್ವಿಚ್ ಇಲ್ಲದೆ ಒಂದು ಯಂತ್ರ ಎಲ್ಲರ ಯಂತ್ರವಾಗುವುದಿಲ್ಲ.

ಈಗಿನ ನಿಯಮ: ಸ್ವಂತ ಬ್ಯಾಂಕಿನ ಯಂತ್ರದಲ್ಲಿ ತಿಂಗಳಿಗೆ 5 ಉಚಿತ ವಹಿವಾಟು. ಬೇರೆ ಬ್ಯಾಂಕಿನದಾದರೆ ಆರು ಮಹಾನಗರಗಳಲ್ಲಿ 3, ಉಳಿದೆಡೆ 5. ಬೆಂಗಳೂರು ಆ ಆರರಲ್ಲಿ ಸೇರಿದೆ, ಮೈಸೂರು, ಹುಬ್ಬಳ್ಳಿ ಸೇರಿಲ್ಲ. ಮಿತಿ ಮೀರಿದರೆ 2025ರ ಮೇ 1ರಿಂದ ಗರಿಷ್ಠ 23 ರೂಪಾಯಿ ಮತ್ತು ತೆರಿಗೆ. ಇದನ್ನು ಇಂಟರ್‌ಚೇಂಜ್ ಶುಲ್ಕದೊಂದಿಗೆ ಕಲಸಬೇಡಿ. ಇಂಟರ್‌ಚೇಂಜ್ ಎಂದರೆ ಪ್ರತಿ ವಹಿವಾಟಿಗೆ 'ಅ' ಬ್ಯಾಂಕ್ ಯಂತ್ರದ ಒಡೆಯನಾದ 'ಬ'ಗೆ ಕೊಡುವ ಹಣ. ಅದು ನಗದು ಡ್ರಾಗೆ 19 ರೂಪಾಯಿ, ಬಾಕಿ ನೋಡುವಂಥದ್ದಕ್ಕೆ 7.

2012ರಲ್ಲಿ ಅನುಮತಿ ಸಿಕ್ಕ ವೈಟ್ ಲೇಬಲ್ ಎಟಿಎಂ, ಅಂದರೆ ಬ್ಯಾಂಕೇತರ ಕಂಪನಿಗಳ ಯಂತ್ರಗಳು, ಮುಖ್ಯವಾಗಿ ಈ ಇಂಟರ್‌ಚೇಂಜ್‌ನಿಂದಲೇ ಬದುಕುತ್ತವೆ. ಬ್ರೌನ್ ಲೇಬಲ್ ಬೇರೆ: ಯಂತ್ರ ಗುತ್ತಿಗೆ ಕಂಪನಿಯದು, ಹೆಸರು ಬ್ಯಾಂಕಿನದು. ಶುಲ್ಕ ಕಡಿಮೆಯಾದರೆ ಹಳ್ಳಿಯಲ್ಲಿ ಯಂತ್ರ ಇಡುವವರಿಲ್ಲ, ಹೆಚ್ಚಾದರೆ ಗ್ರಾಹಕರಿಗೆ ಹೊರೆ. ಈ ಜಗ್ಗಾಟ ಇನ್ನೂ ಮುಗಿದಿಲ್ಲ.

ಸ್ವಿಚ್ ಮೇಲಿನ ನಂಬಿಕೆ ಮುರಿದಾಗ

2018ರ ಆಗಸ್ಟಿನಲ್ಲಿ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನಲ್ಲಿ ನಡೆದದ್ದನ್ನು ಮೇಲಿನ ಡ್ರಾ ಸರಪಳಿಯ ಪಕ್ಕದಲ್ಲಿಟ್ಟು ಓದಿ. ಕಳ್ಳರು ಯಾವ ಯಂತ್ರವನ್ನೂ ಒಡೆಯಲಿಲ್ಲ. ಕುತಂತ್ರಾಂಶ ನುಗ್ಗಿಸಿ, ಬ್ಯಾಂಕಿನ ಸ್ವಿಚ್‌ಗೆ ಬದಲಾಗಿ ತಮ್ಮದೇ ನಕಲಿ ಸ್ವಿಚ್ ನಿಲ್ಲಿಸಿದರು. ನಕಲಿ ಕಾರ್ಡುಗಳಿಂದ ಬಂದ ಕೋರಿಕೆಗಳು ಸಿಬಿಎಸ್ ತಲುಪಲೇ ಇಲ್ಲ. ನಡುವೆ ಕುಳಿತವನೇ ಎಲ್ಲಕ್ಕೂ 'ಒಪ್ಪಿಗೆ' ಎಂದ. ಆಗಸ್ಟ್ 11ರಂದು ಕೆಲವೇ ಗಂಟೆಗಳಲ್ಲಿ 28 ದೇಶಗಳ ಎಟಿಎಂಗಳಿಂದ ಹಣ ಹೊರಬಂತು. ಎರಡು ದಿನ ಬಿಟ್ಟು, ದೇಶದೇಶಗಳ ಬ್ಯಾಂಕುಗಳ ನಡುವಿನ ಸಂದೇಶ ಜಾಲವಾದ ಸ್ವಿಫ್ಟ್ ಮೂಲಕ ಹಾಂಗ್‌ಕಾಂಗ್‌ಗೆ ಇನ್ನಷ್ಟು ಹೋಯಿತು. ಒಟ್ಟು ಸುಮಾರು 94 ಕೋಟಿ ರೂಪಾಯಿ. ಕಾವಲುಗಾರ, ಕ್ಯಾಮೆರಾ ಇವೆರಡೇ ಎಟಿಎಂ ಭದ್ರತೆ ಎಂದು ಉತ್ತರ ಬರೆಯುವವರು ಈ ಪ್ರಕರಣವನ್ನು ಖಂಡಿತ ಓದಬೇಕು.

ಯಂತ್ರದೊಳಗೆ: ಕ್ಯಾಸೆಟ್, ನೋಟು, ರಿಸೈಕ್ಲರ್

ಸಾಮಾನ್ಯವಾಗಿ ಒಂದು ಎಟಿಎಂನಲ್ಲಿ ನಾಲ್ಕು ಕ್ಯಾಸೆಟ್ ಇರುತ್ತವೆ, ಒಂದೊಂದರಲ್ಲಿ ಒಂದೇ ಮುಖಬೆಲೆಯ ನೋಟು. ಸಂವೇದಕಗಳು ನೋಟಿನ ಅಳತೆ, ದಪ್ಪ ನೋಡುತ್ತವೆ. ಎರಡು ಅಂಟಿಕೊಂಡು ಬಂದರೆ ತಿರಸ್ಕೃತ ಡಬ್ಬಿಗೆ ತಳ್ಳುತ್ತವೆ. 2016ರ ನವೆಂಬರ್ 8ರ ನೋಟು ರದ್ದತಿಯ ನಂತರ ಕ್ಯೂ ಅಷ್ಟು ದಿನ ಕರಗದಿರಲು ಒಂದು ಕಾರಣ ಇಲ್ಲಿದೆ. ಹಳೆಯ 500ರ ನೋಟು 167 ಮಿಮೀ ಉದ್ದ, 73 ಮಿಮೀ ಅಗಲ ಇತ್ತು. ಹೊಸದು 150 ಮತ್ತು 66. ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳ ಬಳಿಗೆ ತಂತ್ರಜ್ಞರು ಒಬ್ಬೊಬ್ಬರಾಗಿ ಹೋಗಿ ಕ್ಯಾಸೆಟ್ಟನ್ನೂ ತಂತ್ರಾಂಶವನ್ನೂ ಹೊಂದಿಸಬೇಕಾಯಿತು.

ಈಗ ಹೊಸ ಯಂತ್ರಗಳಲ್ಲಿ ರಿಸೈಕ್ಲರ್ ಹೆಚ್ಚುತ್ತಿವೆ. ಒಬ್ಬರು ಕಟ್ಟಿದ ನೋಟನ್ನೇ ಪರೀಕ್ಷಿಸಿ ಇನ್ನೊಬ್ಬರಿಗೆ ಕೊಡುವ ಯಂತ್ರ ಇದು. ಹಣ ತುಂಬುವ ವ್ಯಾನು ಬರಬೇಕಾದದ್ದು ಕಡಿಮೆಯಾಗುತ್ತದೆ, ಆದರೆ ಖೋಟಾ ನೋಟು, ಹರಿದ ನೋಟು ಗುರುತಿಸುವ ಹೊಣೆ ಯಂತ್ರದ ತಂತ್ರಾಂಶದ ಮೇಲೆ ಬೀಳುತ್ತದೆ. ಪಾಸ್‌ಬುಕ್ ಮುದ್ರಿಸುವ ಯಂತ್ರದ ಕೆಲಸ ಸರಳ: ಬಾರ್‌ಕೋಡ್ ಓದಿ, ಸಿಬಿಎಸ್‌ನಿಂದ ಎಂಟ್ರಿ ತಂದು ಅಚ್ಚು ಹಾಕುತ್ತದೆ.

2023ರ ಸೆಪ್ಟೆಂಬರಿನಲ್ಲಿ ಯುಪಿಐ ಎಟಿಎಂ ಬಂತು. ಪರದೆಯ ಮೇಲಿನ ಕ್ಯೂಆರ್ ಕೋಡನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿ ಯುಪಿಐ ಪಿನ್ ಒತ್ತಿದರೆ ಹಣ ಬರುತ್ತದೆ. ಕಾರ್ಡೇ ಇಲ್ಲದ ಕಾರಣ ಅದರ ಹಿಂದಿನ ಕಾಂತೀಯ ಪಟ್ಟಿಯನ್ನು ನಕಲು ಮಾಡುವ ಸ್ಕಿಮ್ಮಿಂಗ್‌ಗೆ ಜಾಗವಿಲ್ಲ. ರಿಸರ್ವ್ ಬ್ಯಾಂಕಿನ ಇನ್ನೊಂದು ಹೊಸ ಆದೇಶ 2025ರ ಏಪ್ರಿಲ್‌ನದು, ಪ್ರಶ್ನೆಯಾಗುವ ಸಾಧ್ಯತೆ ಹೆಚ್ಚು: ಆ ವರ್ಷದ ಸೆಪ್ಟೆಂಬರ್ 30ರೊಳಗೆ ಶೇ 75ರಷ್ಟು, 2026ರ ಮಾರ್ಚ್ 31ರೊಳಗೆ ಶೇ 90ರಷ್ಟು ಎಟಿಎಂಗಳು ಕನಿಷ್ಠ ಒಂದು ಕ್ಯಾಸೆಟ್ಟಿನಿಂದ 100 ಅಥವಾ 200ರ ನೋಟು ಕೊಡಬೇಕು. 500ರ ನೋಟೇ ತುಂಬಿದರೆ ಬ್ಯಾಂಕಿಗೆ ಕೆಲಸ ಹಗುರ, ಒಮ್ಮೆ ತುಂಬಿದ್ದು ಹೆಚ್ಚು ದಿನ ಬರುತ್ತದೆ. ಖಾತೆಯಲ್ಲಿ 400 ರೂಪಾಯಿ ಮಾತ್ರ ಇರುವವರಿಗೆ ಅಂಥ ಯಂತ್ರ ಇದ್ದೂ ಇಲ್ಲದಂತೆ.