ಸ್ನೂಕರ್ ಕ್ಯೂ ಟಿಪ್: ಪದರದ್ದೋ, ಒತ್ತಿದ್ದೋ?

ಸ್ನೂಕರ್ ಆಡುವ ಕೋಲು ಕ್ಯೂ, ಅದರ ತುದಿಯಲ್ಲಿರುವ ಚರ್ಮದ ಬಿಲ್ಲೆಯೇ ಟಿಪ್. ಅದು ಸಾಮಾನ್ಯವಾಗಿ 9ರಿಂದ 10 ಮಿ.ಮೀ. ಅಗಲ ಇರುತ್ತದೆ, ಹೊಸದಿದ್ದಾಗ 5–6 ಮಿ.ಮೀ. ಎತ್ತರ. ಒಂದು ಹೊಡೆತದಲ್ಲಿ ಅದು ಬಿಳಿ ಚೆಂಡಿಗೆ ತಾಗಿರುವುದು ಸೆಕೆಂಡಿನ ಸಾವಿರದಲ್ಲಿ ಒಂದೆರಡು ಭಾಗದಷ್ಟು ಹೊತ್ತು. ಸ್ಕ್ರೂ (ಬಿಳಿ ಚೆಂಡನ್ನು ಹಿಂದಕ್ಕೆ ತರುವ ಸುತ್ತು), ಸ್ಟನ್ (ತಾಗಿದಲ್ಲೇ ನಿಲ್ಲಿಸುವುದು), ಸೈಡ್ (ಪಕ್ಕದ ಸುತ್ತು) ಎಲ್ಲವೂ ಆ ಹೊತ್ತಿನಲ್ಲೇ ತೀರ್ಮಾನವಾಗಬೇಕು.

ಟಿಪ್ ಬದಲಿಸುವಾಗ ಕಲಿಯುವವರು ಕೇಳುವ ಮೊದಲ ಪ್ರಶ್ನೆ, ಲ್ಯಾಮಿನೇಟೆಡ್ (ಪದರದ್ದು) ಹಾಕಲೋ ಪ್ರೆಸ್ಡ್ (ಒತ್ತಿದ್ದು) ಹಾಕಲೋ ಎಂದು. ಆದರೆ ಮೊದಲು ಗೊತ್ತುಮಾಡಿಕೊಳ್ಳಬೇಕಾದ್ದು ಎಷ್ಟು ಗಡಸಿನ ಟಿಪ್ ಬೇಕು ಎಂಬುದನ್ನು. ಪದರದ್ದೋ ಒತ್ತಿದ್ದೋ ಎಂಬುದು ಎರಡನೆಯ ಪ್ರಶ್ನೆ. ಇವತ್ತು ಕೈಗೆ ಹೊಂದಿದ ಗಡಸುತನ, ಇವತ್ತು ಕೊಟ್ಟ ಆಕಾರ ಮುಂದಿನ ತಿಂಗಳೂ ಹಾಗೇ ಇರುತ್ತದೆಯೇ ಎಂಬುದಕ್ಕೆ ಅದು ಉತ್ತರ ಕೊಡುತ್ತದೆ.

ಒಳಗೆ ಏನಿದೆ

ಪ್ರೆಸ್ಡ್ ಟಿಪ್ ಎಂದರೆ ದಪ್ಪ ಚರ್ಮದ ಒಂದೇ ತುಂಡು. ಹದ ಮಾಡಿದ ಚರ್ಮವನ್ನು ದುಂಡಗೆ ಕತ್ತರಿಸಿ, ಒತ್ತಿ ಗಟ್ಟಿ ಮಾಡಿರುತ್ತಾರೆ. ಸ್ನೂಕರ್‌ನಲ್ಲಿ ಬಹುಕಾಲದಿಂದ ನಡೆದುಬಂದ ಎಲ್ಕ್ ಮಾಸ್ಟರ್, ಬ್ಲೂ ಡೈಮಂಡ್ ಈ ಜಾತಿಯವು. ಪ್ರಾಣಿಯ ಚರ್ಮ ಎಲ್ಲ ಕಡೆ ಒಂದೇ ಸಮನಾಗಿರುವುದಿಲ್ಲ: ಬೆನ್ನಿನ ಭಾಗದ ನಾರು ಬಿಗಿ, ಹೊಟ್ಟೆಯ ಕಡೆಯದು ಸಡಿಲ. ಹಾಗಾಗಿ ಒಂದೇ ಡಬ್ಬಿಯ 50 ಟಿಪ್‌ಗಳಲ್ಲಿ ಕೆಲವು ಕಲ್ಲಿನಂತಿರುತ್ತವೆ, ಕೆಲವು ಉಗುರೊತ್ತಿದರೆ ತಗ್ಗು ಬೀಳುತ್ತವೆ. ತಯಾರಿಕೆಯ ದೋಷ ಎನ್ನುವಂತಿಲ್ಲ. ಚರ್ಮದ ಗುಣವೇ ಅದು.

ಲ್ಯಾಮಿನೇಟೆಡ್ ಟಿಪ್‌ನಲ್ಲಿ ತೆಳುವಾದ ಚರ್ಮದ ಹಾಳೆಗಳನ್ನು ಅಂಟು ಹಾಕಿ ಒಂದರ ಮೇಲೊಂದು ಕೂರಿಸಿರುತ್ತಾರೆ. ಜಪಾನಿನ ಕಮುಯಿ ಇದಕ್ಕೆ ಹೆಸರಾದದ್ದು, ಅದರಲ್ಲಿರುವುದು ಹಂದಿ ಚರ್ಮ. ಹಲವು ಪದರಗಳಲ್ಲಿ ಒಂದು ಸಡಿಲವಿದ್ದು ಇನ್ನೊಂದು ಬಿಗಿಯಿದ್ದರೂ ಒಟ್ಟು ಟಿಪ್ ಸರಾಸರಿಗೆ ಬಂದು ನಿಲ್ಲುತ್ತದೆ. ಹೀಗಾಗಿ ಒಂದೇ ಕಂಪನಿಯ ಎರಡು ಮೀಡಿಯಂ ಟಿಪ್‌ಗಳ ನಡುವೆ ವ್ಯತ್ಯಾಸ ಕಡಿಮೆ. ಪದರಗಳ ನಡುವಿನ ಅಂಟು ಇನ್ನೊಂದು ಕೆಲಸವನ್ನೂ ಮಾಡುತ್ತದೆ, ಚರ್ಮದ ನಾರು ಪಕ್ಕಕ್ಕೆ ಹರಡದಂತೆ ಹಿಡಿದಿಡುತ್ತದೆ. ಪ್ರೆಸ್ಡ್ ಟಿಪ್‌ಗೆ ಈ ಹಿಡಿತವಿಲ್ಲ. ಪ್ರತಿ ಹೊಡೆತಕ್ಕೂ ಅದು ಸ್ವಲ್ಪ ಕುಸಿದು, ಸ್ವಲ್ಪ ಹೊರಕ್ಕೆ ಉಬ್ಬುತ್ತದೆ.

ಗಡಸುತನದ ಬಗ್ಗೆ ಎರಡು ತಪ್ಪು ತಿಳಿವಳಿಕೆ

ಮೃದು ಟಿಪ್ ಹೆಚ್ಚು ಸ್ಪಿನ್ ಕೊಡುತ್ತದೆ ಎಂಬುದು ಮೊದಲನೆಯದು. ಚೆಂಡಿನ ವೇಗಕ್ಕೆ ಹೋಲಿಸಿದರೆ ಅದು ಎಷ್ಟು ಸುತ್ತುತ್ತದೆ ಎಂಬುದು, ಚೆಂಡಿನ ನಡುವಿನಿಂದ ಎಷ್ಟು ದೂರಕ್ಕೆ ಹೊಡೆದಿರಿ ಎಂಬುದರ ಮೇಲೆ ನಿಂತಿದೆ. ಚಾಕ್ (ಜಾರದಂತೆ ಟಿಪ್ ಮುಖಕ್ಕೆ ಹಚ್ಚುವ ಪುಡಿ) ಚೆನ್ನಾಗಿ ಹಿಡಿದ ಗಡಸು ಟಿಪ್ ಕೂಡ ಅಷ್ಟೇ ದೂರದಲ್ಲಿ ಅಷ್ಟೇ ಸ್ಪಿನ್ ಕೊಡುತ್ತದೆ. ಮೃದು ಚರ್ಮ ಚಾಕ್ ಅನ್ನು ಸುಲಭವಾಗಿ ಹಿಡಿಯುವುದರಿಂದ ಆಟಗಾರ ಅಂಚಿಗೆ ಹೊಡೆಯಲು ಹೆದರುವುದಿಲ್ಲ. ಅಲ್ಲಿಂದ ಬಂದ ನಂಬಿಕೆ ಇದು.

ಪ್ಯಾಕೆಟ್ ಮೇಲಿನ ಸಾಫ್ಟ್, ಮೀಡಿಯಂ, ಹಾರ್ಡ್ ಎಲ್ಲ ಕಂಪನಿಗೂ ಒಂದೇ ಎಂಬುದು ಎರಡನೆಯದು. ಎಲ್ಲರಿಗೂ ಸಮಾನವಾದ ಅಳತೆ ಇಲ್ಲ, ಒಬ್ಬರ ಮೀಡಿಯಂ ಇನ್ನೊಬ್ಬರ ಹಾರ್ಡ್ ಆಗಬಹುದು. ಹಾಗಾಗಿ ಕಂಪನಿ ಬದಲಿಸಿದಾಗ ಪ್ಯಾಕೆಟ್ ಮೇಲಿನ ಅಕ್ಷರ ನೋಡಿ ಕೊಳ್ಳಬೇಡಿ.

ನಿಜವಾದ ವ್ಯತ್ಯಾಸ ಕಾಣುವುದು ಶಕ್ತಿಯಲ್ಲಿ. ಮೃದು ಟಿಪ್ ಹೊಡೆತದ ಒಂದಿಷ್ಟು ಶಕ್ತಿಯನ್ನು ತಾನೇ ನುಂಗುತ್ತದೆ. ಅದೇ ವೇಗದ ಚೆಂಡಿಗೆ ಕೈಯನ್ನು ಸ್ವಲ್ಪ ಹೆಚ್ಚು ಬೀಸಬೇಕು. ಗಡಸು ಟಿಪ್‌ನಲ್ಲಿ ಚೆಂಡು ಚುರುಕಾಗಿ ಹೊರಡುತ್ತದೆ, ‘ಟಕ್’ ಎಂಬ ಶಬ್ದ ಬರುತ್ತದೆ, ಆದರೆ ಎದುರಾಳಿಗೆ ಅವಕಾಶ ಸಿಗದಂತೆ ಮೆಲ್ಲಗೆ ತಾಗಿಸುವ ಸೇಫ್ಟಿ ಹೊಡೆತಗಳು ಅಳತೆ ಮೀರಿ ಉರುಳುತ್ತವೆ. ಕಲಿಯುವವರಿಗೆ ಮೀಡಿಯಂ ಅಥವಾ ಅದಕ್ಕಿಂತ ತುಸು ಮೃದು ಒಳ್ಳೆಯದು. ತಪ್ಪು ಹೊಡೆತವನ್ನು ಅದು ಪೂರ್ತಿ ಮುಚ್ಚುವುದಿಲ್ಲ, ಪೂರ್ತಿ ಶಿಕ್ಷಿಸುವುದೂ ಇಲ್ಲ.

ಗುಮ್ಮಟದ ಲೆಕ್ಕ

ಟಿಪ್ ಮುಖವನ್ನು ಗುಮ್ಮಟದಂತೆ ದುಂಡಗೆ ಮಾಡಿರುತ್ತಾರೆ. ಆ ದುಂಡು ಎಷ್ಟಿರಬೇಕು ಎಂಬುದನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಿ. ಸ್ನೂಕರ್ ಚೆಂಡಿನ ವ್ಯಾಸ 52.5 ಮಿ.ಮೀ., ತ್ರಿಜ್ಯ 26.25. ನಡುವಿನಿಂದ ಸರಿಸುಮಾರು ಅರ್ಧ ತ್ರಿಜ್ಯದಷ್ಟು, ಅಂದರೆ 13 ಮಿ.ಮೀ. ದೂರ ಹೋದರೆ ಮಿಸ್‌ಕ್ಯೂ (ಟಿಪ್ ಚೆಂಡಿನಿಂದ ಜಾರುವುದು) ಆಗುವ ಗಡಿ ಬಂತು. ಆ ಜಾಗದಲ್ಲಿ ಚೆಂಡಿನ ಮೈಗೆ ಲಂಬವಾಗಿ ಎಳೆದ ಗೆರೆ ಕ್ಯೂವಿನ ದಿಕ್ಕಿಗೆ 30 ಡಿಗ್ರಿ ವಾಲಿರುತ್ತದೆ. ಟಿಪ್‌ನ ಮೇಲೆ ಚೆಂಡು ತಾಗುವ ಜಾಗ ಆಗ ಟಿಪ್‌ನ ನಡುವಿನಿಂದ, ಗುಮ್ಮಟದ ತ್ರಿಜ್ಯದ ಅರ್ಧದಷ್ಟು ದೂರದಲ್ಲಿರುತ್ತದೆ.

ಟಿಪ್ 9.5 ಮಿ.ಮೀ. ಅಗಲವಿದ್ದರೆ ನಡುವಿನಿಂದ ಅಂಚಿಗೆ 4.75 ಮಿ.ಮೀ. ಗುಮ್ಮಟದ ತ್ರಿಜ್ಯ 7 ಮಿ.ಮೀ. ಇದ್ದರೆ ಚೆಂಡು 3.5 ಮಿ.ಮೀ. ದೂರದಲ್ಲಿ ತಾಗುತ್ತದೆ, ಅಂಚಿಗೆ ಇನ್ನೂ ಜಾಗ ಉಳಿದಿದೆ. ತ್ರಿಜ್ಯ 9 ಆದರೆ 4.5, ಅಂಚಿನ ಪಕ್ಕದಲ್ಲೇ. ಟಿಪ್ ಇನ್ನೂ ಚಪ್ಪಟೆಯಾಗಿ ತ್ರಿಜ್ಯ 10.5 ಆಯಿತೆನ್ನಿ, ತಾಗಬೇಕಾದ ಜಾಗ 5.25ಕ್ಕೆ ಹೋಗುತ್ತದೆ. ಅಲ್ಲಿ ಟಿಪ್ಪೇ ಇಲ್ಲ! ಚೆಂಡು ಚೂಪು ಅಂಚಿಗೆ ತಾಗಿ ಜಾರುತ್ತದೆ. ಆಳವಾದ ಸ್ಕ್ರೂ ಹೊಡೆತದಲ್ಲಿ ಮಾತ್ರ ಮಿಸ್‌ಕ್ಯೂ ಆಗುತ್ತಿದ್ದರೆ ಕೈಯನ್ನು ದೂರುವ ಮೊದಲು ಗುಮ್ಮಟ ನೋಡಿ.

ಎರಡು ಜಾತಿಯ ನಡುವಿನ ಆಯ್ಕೆ ಮುಖ್ಯವಾಗುವುದು ಇಲ್ಲೇ. ಪ್ರೆಸ್ಡ್ ಟಿಪ್ ಮೊದಲ ವಾರಗಳಲ್ಲಿ ಕುಸಿದು ಚಪ್ಪಟೆಯಾಗುತ್ತ ಹೋಗುತ್ತದೆ, ಜೊತೆಗೆ ಗಡಸೂ ಆಗುತ್ತದೆ. ಲ್ಯಾಮಿನೇಟೆಡ್ ಕೊಟ್ಟ ಆಕಾರವನ್ನು ಹೆಚ್ಚು ದಿನ ಉಳಿಸಿಕೊಳ್ಳುತ್ತದೆ. ಆದರೆ ಅದೂ ಸವೆಯುತ್ತದೆ.

ಪ್ರೆಸ್ಡ್ ಟಿಪ್ ಆರಿಸುವುದು

ಒಂದೇ ಒಂದು ಟಿಪ್ ಕೊಂಡರೆ ಅದೃಷ್ಟದ ಆಟ. ಹತ್ತಿಪ್ಪತ್ತು ಒಟ್ಟಿಗೆ ಕೊಂಡು ಬೇರ್ಪಡಿಸಬೇಕು. ಒಂದೇ ಅಳತೆಯವನ್ನು ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ: ಅಗಲ, ಎತ್ತರ ಸಮವಿದ್ದು ತೂಕ ಹೆಚ್ಚಿದ್ದರೆ ನಾರು ಬಿಗಿಯಾಗಿದೆ ಎಂದರ್ಥ. ತಕ್ಕಡಿ ಇಲ್ಲದಿದ್ದರೆ ಕಲ್ಲಿನ ನೆಲದ ಮೇಲೆ ಒಂದೇ ಎತ್ತರದಿಂದ ಬೀಳಿಸಿ ಕೇಳಿ. ಗಡಸಿನದು ಕಿರಿದಾಗಿ ‘ಟಿಣ್’ ಎನ್ನುತ್ತದೆ, ಮೆದುವಿನದು ಮಂದವಾಗಿ ‘ಟಪ್’ ಎನ್ನುತ್ತದೆ. ಬಳಿಕ ಪಕ್ಕದಿಂದ ಹೆಬ್ಬೆರಳು ತೋರುಬೆರಳಲ್ಲಿ ಹಿಂಡುತ್ತ ಸುತ್ತ ತಿರುಗಿಸಿ. ಒಂದು ಕಡೆ ಬಿಗಿ, ಇನ್ನೊಂದು ಕಡೆ ಬುರುಬುರು ಎನಿಸಿದರೆ ಅದನ್ನು ಎಸೆಯುವುದೇ ಲೇಸು, ಅದು ಓರೆಯಾಗಿಯೇ ಕುಸಿಯುತ್ತದೆ. ಉಳಿದವನ್ನು ಮೆದು, ನಡು, ಗಡಸು ಎಂದು ಮೂರು ಗುಂಪು ಮಾಡಿ ಚೀಟಿ ಹಚ್ಚಿಡಿ.

ಪೂಲ್ ಆಟದವರಲ್ಲಿ ಎಲ್ಕ್ ಮಾಸ್ಟರ್ ಅನ್ನು ಹಾಲಿನಲ್ಲಿ ನೆನೆಸಿ, ವೈಸ್‌ನಲ್ಲಿ ಬಿಗಿದು ಒಣಗಿಸುವ ರೂಢಿಯೂ ಉಂಟು. ಟಿಪ್ ಮೊದಲೇ ಕುಸಿದಿರುವುದರಿಂದ ಮುಂದೆ ಉಬ್ಬುವುದು ಕಡಿಮೆ. ಹಾಗೆ ಮಾಡಿದ್ದು ಗಡಸಾಗುವುದರಿಂದ, ಸ್ನೂಕರ್‌ನಲ್ಲಿ ಎಲ್ಕ್ ಮಾಸ್ಟರ್‌ನ ಮೆದುತನವನ್ನೇ ಬಯಸುವವರಿಗೆ ಇದು ಬೇಡ.

ಕೂರಿಸುವುದು

ಯಾವ ಜಾತಿಯ ಟಿಪ್ ಆದರೂ ಅರ್ಧ ಫಲ ಇಲ್ಲಿದೆ. ಫೆರುಲ್ (ಟಿಪ್ ಕೂರುವ, ಕ್ಯೂ ತುದಿಯ ಹಿತ್ತಾಳೆಯ ಬಳೆ) 9.5 ಮಿ.ಮೀ. ಇದ್ದರೆ 10 ಮಿ.ಮೀ. ಟಿಪ್ ತೆಗೆದುಕೊಳ್ಳಿ, ಸುತ್ತ ಕಾಲು ಮಿ.ಮೀ. ಕೆತ್ತಲು ಸಿಗುತ್ತದೆ. ಹಳೆಯ ಟಿಪ್ ಅನ್ನು ಬ್ಲೇಡಿನಿಂದ ತೆಗೆದು, ಹಿತ್ತಾಳೆಯ ಮೇಲೆ ಉಳಿದ ಅಂಟನ್ನು ಕೆರೆಯಿರಿ. ನಂತರ ಫೆರುಲ್ ಮೇಲೆ ಉಕ್ಕಿನ ಅಳತೆಪಟ್ಟಿಯ ಅಂಚನ್ನಿಟ್ಟು ಬೆಳಕಿಗೆ ಹಿಡಿದು ನೋಡಿ. ಪಟ್ಟಿಯ ಅಡಿಯಿಂದ ಬೆಳಕು ಸೋರಿದರೆ ಮೇಲ್ಮೈ ಸಮವಿಲ್ಲ. ಅನೇಕ ಕ್ಯೂಗಳಲ್ಲಿ ಹಿತ್ತಾಳೆಯ ಬಳೆಯ ನಡುವೆ ಮರ ಕಾಣುತ್ತದೆ. ಆ ಮರ ಕೂದಲೆಳೆಯಷ್ಟು ತಗ್ಗಿದ್ದರೂ ಟಿಪ್ ನಡುವೆ ಟೊಳ್ಳಾಗಿ ಕೂರುತ್ತದೆ, ಹೊಡೆದಾಗ ಮಂದ ಶಬ್ದ ಬರುತ್ತದೆ. ಸಮ ಮಾಡುವಾಗ ಕೈಯಲ್ಲಿ ಸ್ಯಾಂಡ್‌ಪೇಪರ್ ಹಿಡಿದು ಉಜ್ಜಿದರೆ ಅಂಚು ದುಂಡಾಗಿಬಿಡುತ್ತದೆ. ಪೇಪರನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿ, ನಾಲ್ಕೈದು ಎಳೆತ ಮಾತ್ರ.

ಟಿಪ್‌ನ ತಳವನ್ನು ಗಾಜಿನ ಮೇಲಿಟ್ಟ 120ರ ಸ್ಯಾಂಡ್‌ಪೇಪರ್ ಮೇಲೆ ಇಂಗ್ಲಿಷಿನ 8ರ ಆಕಾರದಲ್ಲಿ ಎಳೆಯಿರಿ. ಆಮೇಲೆ ತಳಕ್ಕಾಗಲಿ ಫೆರುಲ್‌ಗಾಗಲಿ ಬೆರಳು ತಾಗಿಸಬೇಡಿ, ಬೆರಳಿನ ಜಿಡ್ಡೇ ಟಿಪ್ ಕಳಚುವುದಕ್ಕೆ ಸಾಕು. ಅಂಟು ಜೆಲ್ ಸೂಪರ್ ಗ್ಲೂ ಆಗಿರಲಿ, ಒಂದೆರಡು ಅಕ್ಕಿಕಾಳಿನಷ್ಟು. ನೀರಿನಂಥ ತೆಳು ಸೂಪರ್ ಗ್ಲೂ ಪ್ರೆಸ್ಡ್ ಚರ್ಮದೊಳಗೆ ಏರಿ ಕೆಳಭಾಗವನ್ನು ಕಲ್ಲು ಮಾಡುತ್ತದೆ. ಮೆದು ಟಿಪ್ ಹಾಕಿದರೂ ಸ್ವಲ್ಪ ಸವೆದ ಮೇಲೆ ಗಡಸು ಬಂತೆಂದು ದೂರುವವರಲ್ಲಿ ಹಲವರ ಟಿಪ್‌ಗೆ ಆಗಿರುವುದು ಇದೇ. ಒತ್ತಿ ಹಿಡಿದು, ಕನಿಷ್ಠ ಅರ್ಧ ಗಂಟೆ ಬಿಟ್ಟು ಕೆತ್ತಲು ಶುರುಮಾಡಿ.

ಕೆತ್ತುವಾಗ ಕ್ಯೂವನ್ನು ತಲೆಕೆಳಗು ಮಾಡಿ ಟಿಪ್‌ನ ಮುಖವನ್ನು ಗಟ್ಟಿ ಹಲಗೆಗೆ ಒತ್ತಿ, ಬ್ಲೇಡನ್ನು ಫೆರುಲ್ ಕಡೆಯಿಂದ ಹಲಗೆಯ ಕಡೆಗೆ ಇಳಿಸಬೇಕು. ಹಲಗೆಯ ಆಸರೆ ಇರುವುದರಿಂದ ಪದರಗಳು ಬಿಡಿಸಿಕೊಳ್ಳುವುದಿಲ್ಲ. ಲ್ಯಾಮಿನೇಟೆಡ್‌ನಲ್ಲಿ ಇದು ಕಡ್ಡಾಯ, ಬ್ಲೇಡ್ ಹೊಸದಿರಬೇಕು, ಒಂದು ಸಲಕ್ಕೆ ತೆಳು ಸಿಪ್ಪೆಯಷ್ಟೇ ತೆಗೆಯಬೇಕು. ಫೆರುಲ್ ಸುತ್ತ ಟೇಪ್ ಸುತ್ತಿ ಪಕ್ಕಗಳನ್ನು ನಯವಾದ ಪೇಪರಿನಲ್ಲಿ ನಿಧಾನಕ್ಕೆ ಉಜ್ಜಿ. ಜೋರಾಗಿ ಉಜ್ಜಿದರೆ ಬಿಸಿಯಾಗಿ ಪದರಗಳ ಅಂಟು ಸಡಿಲವಾಗುತ್ತದೆ. ಕೊನೆಗೆ ಪಕ್ಕಕ್ಕೆ ಒಂದಿಷ್ಟು ನೀರಿನ ಪಸೆ ಸವರಿ ಚರ್ಮದ ತುಂಡಿನಿಂದ ತಿಕ್ಕಿದರೆ ನಾರು ಕೂತು ಹೊಳಪು ಬರುತ್ತದೆ, ಉಬ್ಬುವುದೂ ತಡವಾಗುತ್ತದೆ.

7 ಮಿ.ಮೀ. ತ್ರಿಜ್ಯದ ಗುಮ್ಮಟಕ್ಕೆ ಸುಮಾರು 1.9 ಮಿ.ಮೀ. ಎತ್ತರ ಖರ್ಚಾಗುತ್ತದೆ. 5.5 ಮಿ.ಮೀ. ಟಿಪ್‌ನಲ್ಲಿ ಗುಮ್ಮಟದ ಕೆಳಗಿನ ನೇರ ಗೋಡೆ 3.6ರಷ್ಟು ಉಳಿಯುತ್ತದೆ. ಪ್ರೆಸ್ಡ್ ಆದರೆ ಮೊದಲ ದಿನ ಗುಮ್ಮಟವನ್ನು ತುಸು ಎತ್ತರವಾಗಿಯೇ ಬಿಡಿ, ಆಡುತ್ತ ಆಡುತ್ತ ತಾನೇ ಇಳಿದು ಸರಿಹೋಗುತ್ತದೆ. ಲ್ಯಾಮಿನೇಟೆಡ್‌ಗೆ ಬೇಕಾದ ಆಕಾರವನ್ನು ಅಂದೇ ಕೊಡಬಹುದು.

ಕೆಡುವ ಬಗೆ

ಪ್ರೆಸ್ಡ್ ಟಿಪ್ ಹೇಳಿ ಕೆಡುತ್ತದೆ. ಮೊದಲು ಅಣಬೆಯಂತೆ ಫೆರುಲ್‌ನಿಂದಾಚೆ ಉಬ್ಬುತ್ತದೆ, ಬೆರಳು ಸವರಿದರೆ ಅಂಚು ತಡೆಯುತ್ತದೆ. ಉಬ್ಬನ್ನು ಕೆತ್ತಿ ಗುಮ್ಮಟ ಸರಿಮಾಡಿದರೆ ಮತ್ತೆ ಆಡಬಹುದು. ನಂತರ ಮುಖ ಗಾಜಿನಂತೆ ಹೊಳೆಯುತ್ತದೆ, ಚಾಕ್ ಕೂರದೆ ಜಾರುತ್ತದೆ. ಸ್ಕಫರ್‌ನಿಂದ (ಟಿಪ್ ಮುಖ ಒರಟು ಮಾಡುವ ಸಲಕರಣೆ) ಮೆಲ್ಲಗೆ ತಟ್ಟಿ ನಾರು ಎಬ್ಬಿಸಿದರೆ ಸಾಕು. ಪ್ರತಿ ಫ್ರೇಮಿಗೂ ಉಜ್ಜುತ್ತ ಕೂತರೆ ಟಿಪ್ ನಿಮ್ಮ ಕೈಯಲ್ಲೇ ಸವೆಯುತ್ತದೆ, ಆಟದಲ್ಲಲ್ಲ.

ಲ್ಯಾಮಿನೇಟೆಡ್ ಹೆಚ್ಚಾಗಿ ಹೇಳದೆ ಕೆಡುತ್ತದೆ. ಒಂದು ಜೋರಿನ ಮಿಸ್‌ಕ್ಯೂ, ಮೊಂಡು ಬ್ಲೇಡಿನ ಎಳೆತ ಅಥವಾ ಒಳಹೊಕ್ಕ ತೇವ ಪದರವನ್ನು ಎಬ್ಬಿಸಿದ್ದರೆ ಮೇಲಿನಿಂದ ಏನೂ ಕಾಣುವುದಿಲ್ಲ. ವಾರಕ್ಕೊಮ್ಮೆ ಪಕ್ಕದ ಸುತ್ತ ಉಗುರು ಎಳೆಯಿರಿ. ಉಗುರು ಒಂದು ಗೆರೆಯಲ್ಲಿ ಸಿಕ್ಕಿಕೊಂಡರೆ, ಅಲ್ಲಿ ಚಾಕ್ ಪುಡಿಯ ಸಣ್ಣ ನೀಲಿ ದಾರ ಕಂಡರೆ, ಪದರ ಬಿಟ್ಟಿದೆ. ಬಿರುಕಿಗೆ ಅಂಟು ತುಂಬಿಸುವ ಉಪಾಯ ಮಾಡಬೇಡಿ, ಆ ಜಾಗ ಮಾತ್ರ ಗಡಸಾಗಿ ಹೊಡೆತ ಓರೆಯಾಗುತ್ತದೆ. ಬಿಟ್ಟಿರುವುದು ಮೇಲಿನ ಪದರವಾಗಿದ್ದು ಕೆಳಗೆ ಸಾಕಷ್ಟು ಎತ್ತರವಿದ್ದರೆ ಅದೊಂದನ್ನೇ ತೆಗೆದು ಗುಮ್ಮಟ ಹೊಸದಾಗಿ ಕೊಡಬಹುದು.

ವಾರಕ್ಕೆ ಒಂದೆರಡು ದಿನ ಆಡುವವರು, ಟಿಪ್ ತಾವೇ ಹಾಕಿಕೊಳ್ಳಲು ಬರದವರು ಲ್ಯಾಮಿನೇಟೆಡ್ ಹಾಕಿಸಿಕೊಳ್ಳುವುದು ಒಳ್ಳೆಯದು. ಬೆಲೆ ಹೆಚ್ಚು, ಆದರೆ ಪಳಗಿಸುವ ಕಾಟವಿಲ್ಲ. ದಿನವೂ ಆಡುವವರು, ಬ್ಲೇಡ್ ಹಿಡಿಯಲು ಕಲಿತವರು, ಚೆಂಡಿನ ತಾಕು ಕೈಗೆ ಮೆತ್ತಗೆ ತಿಳಿಯಬೇಕು ಎನ್ನುವವರು ಆರಿಸಿದ ಪ್ರೆಸ್ಡ್ ಟಿಪ್‌ನಲ್ಲಿ ಹೆಚ್ಚು ಸುಖ ಕಾಣುತ್ತಾರೆ. ಪಂದ್ಯಾವಳಿ ಹತ್ತಿರವಿದ್ದರೆ ಪ್ರೆಸ್ಡ್ ಟಿಪ್ ಅನ್ನು ಹಿಂದಿನ ದಿನ ಹಾಕಬೇಡಿ, ಅದು ಕುಸಿದು ನಿಲ್ಲುವುದಕ್ಕೆ ಹಲವು ಗಂಟೆಗಳ ಆಟ ಬೇಕು. ಎರಡರಲ್ಲಿ ಯಾವುದೇ ಆಗಲಿ, ನೇರ ಗೋಡೆ 1 ಮಿ.ಮೀ.ಗಿಂತ ಕಡಿಮೆಯಾದ ದಿನ ಬದಲಿಸಿ. ಅದಕ್ಕಿಂತ ಕೆಳಗೆ ಹೋದರೆ ಆಳದ ಸ್ಕ್ರೂನಲ್ಲಿ ಹಿತ್ತಾಳೆಯೇ ಬಿಳಿ ಚೆಂಡಿಗೆ ತಾಗಿ ಗೀರು ಬೀಳುತ್ತದೆ.