ಸಿಎಸ್‌ವಿ ಫೈಲಿಗೆ ಡಬಲ್ ಕ್ಲಿಕ್ ಮಾಡಬೇಡಿ

‘ನಂ. 12/3, 2ನೇ ಮಹಡಿ, 7ನೇ ಕ್ರಾಸ್, 4ನೇ ಮೇನ್, ಜಯನಗರ, ಬೆಂಗಳೂರು’. ನಮ್ಮೂರಿನ ಮಾಮೂಲಿ ವಿಳಾಸ ಇದು. ಸಿಎಸ್‌ವಿ ಅಂದರೆ ಕಾಲಂಗಳ ನಡುವೆ ಕಾಮಾ ಹಾಕಿ ಇಡುವ ಬರೀ ಅಕ್ಷರದ ಫೈಲು. ಅದರ ಕಣ್ಣಿಗೆ ಮಾತ್ರ ಇದು ಒಂದು ವಿಳಾಸ ಅಲ್ಲ, ಆರು ಕಾಲಂ. ಅಲ್ಲಿ ಕಾಮಾ ಬಂದರೆ ಕಾಲಂ ಮುಗಿಯಿತು ಅಂತಲೇ ಅರ್ಥ. ವಿಳಾಸದ ಪಕ್ಕ ಇರಬೇಕಾದ ಫೋನ್ ನಂಬರ್ ಐದು ಕಾಲಂ ಆಚೆ ಹೋಗಿ ಕೂರುತ್ತದೆ. 1,25,000 ಅಂತ ಬರೆದ ಮೊತ್ತಕ್ಕೂ ಇದೇ ಗತಿ.

ಪರಿಹಾರ ಹಳೆಯದೇ. ಕಾಮಾ ಇರುವ ಮಾಹಿತಿಯನ್ನು ಡಬಲ್ ಕೋಟ್ ಒಳಗೆ ಇಡಬೇಕು. 2005ರ ಆರ್‌ಎಫ್‌ಸಿ 4180 ಎಂಬ, ಸಿಎಸ್‌ವಿ ಹೇಗಿರಬೇಕು ಅಂತ ವಿವರಿಸುವ ದಾಖಲೆಯಲ್ಲೂ ಹೀಗೇ ಇದೆ. ಆದರೆ ಎಷ್ಟೋ ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರ್‌ಗಳು ಕೋಟ್ ಹಾಕುವುದಿಲ್ಲ. ಆಗ ಕೈಯಲ್ಲಿ ಒಂದೊಂದೇ ಸಾಲು ತಿದ್ದುತ್ತಾ ಕೂರಬೇಡಿ. ಫೈಲ್ ಕೊಟ್ಟವರಿಗೇ ಫೋನ್ ಮಾಡಿ, ಕಾಲಂಗಳ ನಡುವೆ ಕಾಮಾ ಬದಲು ಟ್ಯಾಬ್ ಅಥವಾ ಪೈಪ್ ಗೆರೆ (|) ಹಾಕಿ ಮತ್ತೆ ಕಳಿಸಿ ಅನ್ನಿ.

ಕಾಮಾದ ತಪ್ಪು ಕಣ್ಣಿಗೆ ಕಾಣುತ್ತದೆ, ಹಾಗಾಗಿ ಅದು ಸಣ್ಣ ತಲೆನೋವು. ಕಾಣದ ತಪ್ಪುಗಳೇ ಜಾಸ್ತಿ ಕಾಡುವುದು. ಸಿಎಸ್‌ವಿಯಲ್ಲಿ ಇರುವುದು ಬರೀ ಅಕ್ಷರ. ಯಾವುದು ಸಂಖ್ಯೆ, ಯಾವುದು ತಾರೀಖು ಅಂತ ಅದು ಹೇಳುವುದೇ ಇಲ್ಲ. ತೆರೆಯುವ ಸಾಫ್ಟ್‌ವೇರ್ ಊಹೆ ಮಾಡುತ್ತದೆ. ಡಬಲ್ ಕ್ಲಿಕ್ ಮಾಡಿದರೆ ಎಕ್ಸೆಲ್ ನಿಮ್ಮನ್ನು ಒಂದು ಮಾತೂ ಕೇಳದೆ ಊಹಿಸಿಬಿಡುತ್ತದೆ.

080ಯಿಂದ ಶುರುವಾಗುವ ಲ್ಯಾಂಡ್‌ಲೈನ್ ನಂಬರಿನ ಮುಂದಿನ ಸೊನ್ನೆ ಮಾಯ. ಮನೆ ನಂಬರ್ 12/3 ಹೋಗಿ ಮಾರ್ಚ್ 12 ಆಗುತ್ತದೆ. ಅಪಾರ್ಟ್‌ಮೆಂಟಿನ ಫ್ಲ್ಯಾಟ್ ನಂಬರಿನ ನಡುವೆ ಇಂಗ್ಲಿಷ್‌ನ ಇ ಅಕ್ಷರ ಇದ್ದರಂತೂ ಮುಗಿಯಿತು: 3ಇ2 ಅನ್ನುವುದನ್ನು ‘3ರ ಮುಂದೆ ಎರಡು ಸೊನ್ನೆ’ ಅಂತ ಓದಿಕೊಂಡು 300 ಮಾಡುತ್ತದೆ! 12 ಅಂಕಿಯ ಆಧಾರ್ ನಂಬರ್ ‘1.23ಇ+11’ ಅಂತ ಕಾಣುತ್ತದೆ. ಅಷ್ಟರಲ್ಲೇ ನಿಂತರೆ ಸರಿಪಡಿಸಬಹುದು. ಅದನ್ನೇ ಮತ್ತೆ ಸಿಎಸ್‌ವಿ ಆಗಿ ಸೇವ್ ಮಾಡಿದರೆ, ಪರದೆ ಮೇಲೆ ಕಂಡದ್ದೇ ಫೈಲಿಗೂ ಹೋಗುತ್ತದೆ. 16 ಅಂಕಿಯ ಕಾರ್ಡ್ ನಂಬರಿಗೆ ಅಷ್ಟೂ ಅವಕಾಶ ಇಲ್ಲ. ಎಕ್ಸೆಲ್ 15 ಅಂಕಿ ಮಾತ್ರ ಉಳಿಸಿಕೊಂಡು ಕೊನೆಯದನ್ನು ಸೊನ್ನೆ ಮಾಡುತ್ತದೆ.

ಜೀನ್‌ಗಳ, ಅಂದರೆ ವಂಶವಾಹಿಗಳ ಹೆಸರೂ ಇದರಿಂದ ಪಾರಾಗಲಿಲ್ಲ. ‘ಮಾರ್ಚ್1’ ಎಂಬ ಜೀನ್ ಹೆಸರನ್ನು ಎಕ್ಸೆಲ್ ತಾರೀಖು ಮಾಡುತ್ತಿತ್ತು. ಕೊನೆಗೆ ವಿಜ್ಞಾನಿಗಳೇ ಹೆಸರು ಬದಲಿಸಿ ‘ಮಾರ್ಚ್‌ಎಫ್1’ ಮಾಡಿಕೊಂಡರು. ಊಹೆಯನ್ನು ಆಫ್ ಮಾಡುವ ಸೆಟ್ಟಿಂಗ್ ಎಕ್ಸೆಲ್‌ಗೆ ಬಂದದ್ದು ಆಮೇಲೆ, 2023ರಲ್ಲಿ.

ನಾನು ಪಾಲಿಸುವ ನಿಯಮ ಒಂದೇ. ಮೊದಲು ಎಲ್ಲ ಕಾಲಂಗಳನ್ನೂ ಟೆಕ್ಸ್ಟ್ ಆಗಿ ಒಳಗೆ ತರುವುದು. ಆಮೇಲೆ, ಲೆಕ್ಕ ಹಾಕಬೇಕಾದ ಕಾಲಂಗಳನ್ನು ಮಾತ್ರ ಸಂಖ್ಯೆ ಮಾಡುವುದು. ಫೋನ್ ನಂಬರನ್ನು ಯಾರಾದರೂ ಕೂಡಿಸುತ್ತಾರಾ? ಇಲ್ಲ ಅಲ್ವಾ? ಹಾಗಾದರೆ ಅದು ಟೆಕ್ಸ್ಟ್. ಎಕ್ಸೆಲ್‌ನಲ್ಲಿ ‘ಡೇಟಾ’ ಮೆನುವಿಗೆ ಹೋಗಿ ‘ಫ್ರಂ ಟೆಕ್ಸ್ಟ್/ಸಿಎಸ್‌ವಿ’ ಆರಿಸಿ. ಅಲ್ಲಿ ‘ಡು ನಾಟ್ ಡಿಟೆಕ್ಟ್ ಡೇಟಾ ಟೈಪ್ಸ್’ ಒತ್ತಿ. ಇಲ್ಲದಿದ್ದರೆ ಅದು ಮೊದಲ 200 ಸಾಲು ನೋಡಿ ಮಿಕ್ಕಿದ್ದನ್ನೆಲ್ಲ ಊಹಿಸುತ್ತದೆ. ಲಿಬ್ರೆ ಆಫೀಸ್‌ನಲ್ಲಿ ಫೈಲ್ ತೆರೆಯುವಾಗಲೇ ಕಾಲಂ ಆರಿಸಿ ‘ಟೆಕ್ಸ್ಟ್’ ಮಾಡಬಹುದು. ಡೇಟಾಬೇಸ್ ಆದರೆ ಎಲ್ಲವೂ ಟೆಕ್ಸ್ಟ್ ಇರುವ ತಾತ್ಕಾಲಿಕ ಟೇಬಲ್‌ಗೆ ಮೊದಲು ಸುರಿಯಿರಿ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿ ಫೈಲನ್ನು ಒಳಗೆ ತರುವ ‘ಕಾಪಿ’ ಕಮಾಂಡ್ ಒಂದು ಸಾಲು ಕೆಟ್ಟಿದ್ದರೂ ಪೂರ್ತಿ ಫೈಲನ್ನು ನಿರಾಕರಿಸುತ್ತದೆ ಅಂತ ಹುಡುಗರು ಬೈಯುತ್ತಾರೆ. ನನಗೆ ಆ ಹಟವೇ ಇಷ್ಟ.

ತಾರೀಖಿನ ವಿಷಯದಲ್ಲಿ ಒಂದು ಎಚ್ಚರ. ನಮ್ಮ ಐಟಿ ಕಂಪನಿಗಳ ಲ್ಯಾಪ್‌ಟಾಪ್‌ಗಳಲ್ಲಿ ಅಮೆರಿಕದ ಸೆಟ್ಟಿಂಗ್ ಇರುವುದು ಮಾಮೂಲು. ಅಲ್ಲಿ 03/04/2024 ಅಂದರೆ ಮಾರ್ಚ್ 4. ಆದರೆ 25/04/2024 ತಾರೀಖೇ ಆಗುವುದಿಲ್ಲ, ಸುಮ್ನೆ ಟೆಕ್ಸ್ಟ್ ಆಗಿ ಉಳಿಯುತ್ತದೆ. ಒಂದೇ ಕಾಲಂನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ಸರಿದಿದ್ದರೆ ಇದೇ ಕಾರಣ ಅಂತ ತಿಳಿಯಿರಿ.

ಇನ್ನು ಕನ್ನಡ. ಹೆಸರುಗಳ ಜಾಗದಲ್ಲಿ ವಿಚಿತ್ರ ಗುರುತುಗಳು ಬಂದರೆ, ಇಂಪೋರ್ಟ್ ಮಾಡುವಾಗ ‘ಫೈಲ್ ಆರಿಜಿನ್’ನಲ್ಲಿ ಯುಟಿಎಫ್-8 ಅಂದರೆ 65001 ಆರಿಸಿ. ಹಳೆಯ ನುಡಿ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದಾದರೆ ಇದರಿಂದ ಉಪಯೋಗ ಇಲ್ಲ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು.

ಎಲ್ಲ ಮುಗಿದ ಮೇಲೆ ಸಾಲುಗಳನ್ನು ಎಣಿಸಿ. 2020ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 16,000 ಕೋವಿಡ್ ಪ್ರಕರಣಗಳು ಲೆಕ್ಕದಿಂದ ಬಿಟ್ಟುಹೋಗಿದ್ದವು. ಎಕ್ಸೆಲ್‌ನ ಹಳೆಯ ಎಕ್ಸ್‌ಎಲ್‌ಎಸ್ ಮಾದರಿಯ ಫೈಲಿನಲ್ಲಿ 65,536 ಸಾಲಿಗಿಂತ ಜಾಸ್ತಿ ಹಿಡಿಯುವುದಿಲ್ಲ, ಅದೇ ಕಾರಣ. ಆದರೆ ವಿಳಾಸದ ನಡುವೆ ಯಾರಾದರೂ ಎಂಟರ್ ಒತ್ತಿದ್ದರೆ ಒಂದೇ ದಾಖಲೆ ಎರಡು ಸಾಲಾಗಿ ಎಣಿಕೆಗೆ ಬರುತ್ತದೆ. ಅದಕ್ಕೇ ಫೈಲ್ ಕೊಟ್ಟವರಿಂದ ಮೊತ್ತದ ಕಾಲಂನ ಒಟ್ಟು ಮೊದಲೇ ಕೇಳಿಟ್ಟುಕೊಂಡು, ನಿಮ್ಮ ಟೇಬಲ್‌ನ ಒಟ್ಟಿನ ಜೊತೆ ಪೈಸೆಯವರೆಗೂ ತಾಳೆ ನೋಡಿ.